ಹದಿನೇಳನೆಯ ಕಂಬ

ನನ್ನ ಗಂಡ ಸೆಲ್ಬಿ ಸತ್ತದ್ದು ಜೂನ್ ಹನ್ನೊಂದರ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಸಮಯ ನನಗೆ ಖಚಿತವಾಗಿ ಗೊತ್ತು. ಕಡಲ ತಳಕ್ಕೆ ಹೊಡೆಯುವ ಕಂಬಗಳ ಏಟಿನ ಪುಸ್ತಕದಲ್ಲಿ ಸಮಯ ಬರೆಯಲು ಒಂದು ಸಾಲಿದೆ, ಬರೆಯುವವಳು ನಾನೇ. ಹದಿನೇಳನೆಯ ಕಂಬ, ಮೂವತ್ತೆಂಟನೆಯ ಅಡಿ, ಹನ್ನೊಂದು ಏಟು. ಹನ್ನೆರಡನೆಯದು ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಸೆಲ್ಬಿ ಕ್ರೇನಿನ ಮೆಟ್ಟಿಲು ಇಳಿದು ಬರುತ್ತಿದ್ದ. ಕ್ರೇನು ಹೊತ್ತ ಚಪ್ಪಟೆ ದೋಣಿ, ಅಂದರೆ ಬಾರ್ಜಿನ ಅಂಚಿನಲ್ಲಿ ಹಗ್ಗ ಸುತ್ತುವ ಕಬ್ಬಿಣದ ಗೂಟವಿತ್ತು, ಅದರ ಮೇಲೆ ಕೂತು, "ಹೊಟ್ಟೇಲೇನೋ ಸರಿಯಿಲ್ಲ ಕಣೇ" ಅಂದ. ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಹಲಗೆಗೂಡಿನಿಂದ ಹೊರಗೆ ಬರುವಷ್ಟರಲ್ಲಿ ಪಕ್ಕಕ್ಕೆ ಒರಗಿದ್ದ.

ನನಗೆ ಅಳು ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಿಕೊಂಡು ಯಾರೂ ಮೋಸ ಹೋಗುವುದು ಬೇಡ. ಅವತ್ತೂ ಬರಲಿಲ್ಲ, ಮಣ್ಣಿಗೆ ಇಟ್ಟ ದಿನವೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ಹೇಗಿರುತ್ತದೋ ನಾನು ಪೂರ್ತಿ ಹಾಗಿದ್ದೆ. ಊರಿನವರು "ಮರ್ಟಲ್ ಗಟ್ಟಿ ಹೆಂಗಸು" ಅಂದರು. ಅನ್ನಲಿ ಬಿಡಿ ಅಂದುಕೊಂಡೆ.

ನಮ್ಮ ಕೊಲ್ಲಿಯೂರು ಸ್ಪ್ರೂಸ್ ಆರ್ಮಿನಲ್ಲಿ ಹಡಗು ನಿಲ್ಲಲು ಇರುವುದು ಒಂದೇ ಧಕ್ಕೆ. ನಾನು ಹನ್ನೆರಡು ವರ್ಷದವಳಿದ್ದಾಗ ಕಟ್ಟಿದ್ದು. ಗುಡ್ಡದ ಬಿಳಿ ಜಿಪ್ಸಮ್ ಕಲ್ಲು ಬೆಲ್ಟಿನ ಮೇಲೆ ಇಳಿದು ಬಂದು ಹಡಗಿನ ಹೊಟ್ಟೆಗೆ ಬೀಳುತ್ತದೆ, ಅಮೆರಿಕಕ್ಕೆ ಹೋಗಿ ಮನೆಗಳ ಗೋಡೆಯ ಹಲಗೆಯಾಗುತ್ತದೆ. ಹಡಗುಗಳು ಮೊದಲು ಚಿಕ್ಕವಿದ್ದವು. ಈಗ ಕಂಪನಿಯವರಿಗೆ ಮೂರು ಪಟ್ಟು ದೊಡ್ಡ ಹಡಗು ಬೇಕು. ಅಂಥದ್ದು ಒಂದು ಸಲ ಒರಗಿದರೆ ಹಳೆಯ ಧಕ್ಕೆ ಬೆಂಕಿಪೊಟ್ಟಣದಂತೆ ಅಪ್ಪಚ್ಚಿಯಾಗುತ್ತದೆ. ಅದಕ್ಕೇ ಧಕ್ಕೆಯ ಮುಂದೆ, ಅದಕ್ಕೆ ತಾಗದ ಹಾಗೆ, ಉಕ್ಕಿನ ಕಂಬಗಳ ನಾಲ್ಕು ಗೊಂಚಲು ನಿಲ್ಲಿಸುವ ಕೆಲಸ ಶುರುವಾಗಿತ್ತು. ಒಂದೊಂದು ಗೊಂಚಲಿಗೆ ಆರು ಕಂಬ, ತಲೆಗಳನ್ನೆಲ್ಲ ಸೇರಿಸಿ ಮೇಲೊಂದು ಕಾಂಕ್ರೀಟಿನ ಟೋಪಿ. ಹಡಗು ಒರಗುವುದು ಇವುಗಳಿಗೆ, ಧಕ್ಕೆಗಲ್ಲ. ಎಂಜಿನಿಯರ್ ತೆರಿಯೋ ಇವುಗಳನ್ನು ಡಾಲ್ಫಿನ್ ಎನ್ನುತ್ತಾನೆ. ಆ ಮೀನಿಗೂ ಇದಕ್ಕೂ ಏನು ಸಂಬಂಧವೋ ಅವನಿಗೂ ಗೊತ್ತಿಲ್ಲ, ಕೇಳಿ ನೋಡಿದ್ದೇನೆ.

ಕಡಲಲ್ಲಿ ಮೀನು ತೀರಿತು, ಹಿಡಿಯಬಾರದು ಎಂದು ಸರಕಾರ ಹೇಳಿ ಎರಡು ವರ್ಷವಾಗಿತ್ತು. ಮೀನಿನ ಕಾರ್ಖಾನೆಗೆ ಬೀಗ. ಅಲ್ಲಿ ಹತ್ತೊಂಬತ್ತು ವರ್ಷ ಪೆಟ್ಟಿಗೆ ಎಣಿಸುತ್ತಿದ್ದವಳು ನಾನು. ಎಣಿಸಲು ಬರುತ್ತದೆ ಎಂದು ನನ್ನ ಕೈಗೆ ಏಟಿನ ಪುಸ್ತಕ ಕೊಟ್ಟರು. ಸೆಲ್ಬಿ ಕಂಬದ ತಲೆಗೆ ಹೊಡೆಯುವ ದೊಡ್ಡ ಸುತ್ತಿಗೆಯನ್ನು ಎತ್ತಿ ಬೀಳಿಸುವ ಕ್ರೇನಿನಲ್ಲಿ. ಅವನ ತಮ್ಮ ಗಾರ್ಲಂಡ್ ಕಂಬ ಹೊಡೆಯುವ ತಂಡಕ್ಕೆ ಮೇಸ್ತ್ರಿ. ಕಂಬದ ಮೈಮೇಲೆ ಅಡಿ ಅಡಿಗೂ ಬಿಳಿ ಗೆರೆ ಎಳೆದಿರುತ್ತಾರೆ, ಒಂದು ಅಡಿ ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ನಾನು ಬರೆಯಬೇಕು. ನಮ್ಮ ಕೊಲ್ಲಿಯ ತಳದಲ್ಲಿ ಐವತ್ತು ಅಡಿ ಜೇಡಿಮಣ್ಣು, ಅದರ ಕೆಳಗೆ ಬಂಡೆ. ಇಪ್ಪತ್ತು ಏಟು ಹೊಡೆದರೂ ಕಂಬ ಒಂದಂಗುಲ ಇಳಿಯದಿದ್ದರೆ ಬಂಡೆ ಮುಟ್ಟಿತು ಎಂದು ಲೆಕ್ಕ. ಅಲ್ಲಿಗೆ ನಿಲ್ಲಿಸಿ, ಮೇಲೆ ಉಳಿದದ್ದನ್ನು ಕತ್ತರಿಸುತ್ತಾರೆ.

ಶನಿವಾರ ಹತ್ತು ಇಪ್ಪತ್ತಕ್ಕೆ ಸುತ್ತಿಗೆ ನಿಂತಿತಲ್ಲ, ಅದು ಮತ್ತೆ ಎದ್ದದ್ದು ಬುಧವಾರ ಸಂಜೆ. ಊರಿನಲ್ಲಿ ಹೆಣ ಇರುವಾಗ, ಗುಂಡಿ ಮುಚ್ಚುವ ತನಕ, ನಮ್ಮ ಕೊಲ್ಲಿಯಲ್ಲಿ ಯಾರೂ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಸೆಲ್ಬಿಯ ತಂಗಿ ದೂರದ ಒಂಟಾರಿಯೋದಿಂದ ಬರುವ ತನಕ ಕಾಯಬೇಕಾಯಿತು. ತೆರಿಯೋ ಹೊರಗಿನವನು, ಹ್ಯಾಲಿಫ್ಯಾಕ್ಸ್ ನಗರದವನು. ಬಾರ್ಜು ಸುಮ್ಮನೆ ನಿಂತಿದೆ ಎಂದು ಭಾನುವಾರ ಗಾರ್ಲಂಡನ ಬಳಿ ಗೊಣಗಿದನಂತೆ. ಗಾರ್ಲಂಡ್, "ಸುತ್ತಿಗೆ ಅಲ್ಲೇ ಇದೆ ಸ್ವಾಮಿ, ನೀವೇ ಹತ್ತಿ ಹೊಡ್ಕೊಳಿ. ಆಮೇಲೆ ಈ ಊರಲ್ಲಿ ನಿಮಗೆ ಒಂದು ಲೋಟ ಟೀ ಕೊಡೋರು ಸಿಕ್ತಾರಾ ನೋಡ್ಕೊಳಿ" ಅಂದನಂತೆ. ತೆರಿಯೋ ಬಾಯಿ ಮುಚ್ಚಿಕೊಂಡು ಒಂದು ವಾರ ಹ್ಯಾಲಿಫ್ಯಾಕ್ಸಿಗೆ ಹೋದ. ಹದಿನೇಳನೆಯ ಕಂಬ ಅರ್ಧ ನೀರಿನೊಳಗೆ ಅರ್ಧ ಆಕಾಶದಲ್ಲಿ ನಾಲ್ಕು ದಿನ ಹಾಗೇ ನಿಂತಿತ್ತು. ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಪಾತ್ರೆ ತೊಳೆಯುತ್ತಾ ನೋಡುತ್ತಿದ್ದೆ.

ಬುಧವಾರ ಸೆಲ್ಬಿಯನ್ನು ಮಣ್ಣಿಗಿಟ್ಟು ಬಂದ ಸಂಜೆ ಪಕ್ಕದ ಮನೆಯ ಎಫಿ ಚಿಕ್ಕಮ್ಮ ಬಟಾಣಿ ಸೂಪಿನ ಪಾತ್ರೆ ಹಿಡಿದು ಬಂದಳು. ಎಂಬತ್ತು ದಾಟಿದ ಹೆಂಗಸು, ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದವಳು, ಎಲ್ಲರಿಗೂ ಚಿಕ್ಕಮ್ಮ.

"ಸೆಲ್ಬಿ ಕಂಬ ಬಂಡೆ ಮುಟ್ತು ಮಗಳೇ" ಅಂದಳು. "ಗಾರ್ಲಂಡ್ ಗೋರಿಯಿಂದ ನೆಟ್ಟಗೆ ಅಲ್ಲಿಗೇ ಹೋದನಂತೆ. ಚರ್ಚಿಗೆ ಹಾಕ್ಕೊಂಡ ಬೂಟಲ್ಲೇ ನಿಂತು, ತಾನೇ ಎಣಿಸಿ ಮುಗಿಸಿದನಂತೆ. ಗಂಡಸರೆಲ್ಲ ಟೋಪಿ ತೆಗೆದು ನಿಂತಿದ್ರಂತೆ ಕಣೇ."

"ಒಳ್ಳೇದಾಯ್ತು" ಅಂದೆ.

"ಸೂಪ್ ಕುಡಿ."

ಕುಡಿದೆ. ಉಪ್ಪು ಹೆಚ್ಚಾಗಿತ್ತು ಎಂಬುದು ನೆನಪಿದೆ. ಅವತ್ತಿನದರಲ್ಲಿ ನೆನಪಿರುವುದು ಅದೊಂದೇ.

ಹನ್ನೆರಡು ದಿನ ಮನೆಯಲ್ಲಿದ್ದೆ. ಬಂದವರೆಲ್ಲ ಏನಾದರೂ ತಿಂಡಿ ತಂದು, ನನ್ನ ಮುಖ ನೋಡಿ, ತಾವೇ ಅತ್ತು ಹೋಗುತ್ತಿದ್ದರು. ಅವರಿಗೆ ಕರವಸ್ತ್ರ ಕೊಟ್ಟು ಕೊಟ್ಟು ಬೇಸತ್ತು, ಜೂನ್ ಇಪ್ಪತ್ತೇಳರ ಸೋಮವಾರ ಕೆಲಸಕ್ಕೆ ಹೋದೆ. ಅಷ್ಟು ಹೊತ್ತಿಗೆ ಮೂರನೆಯ ಗೊಂಚಲಿನ ಆರು ಕಂಬವೂ ಮುಗಿದಿತ್ತು, ಹದಿನೇಳನೆಯದು ಅದರಲ್ಲೇ. ಶುಕ್ರವಾರ ಅದರ ಮೇಲೆ ಕಾಂಕ್ರೀಟು ಹಾಕುವವರಿದ್ದರು. ಅದಕ್ಕೆ ಮೊದಲು ಏಟಿನ ಪುಸ್ತಕವನ್ನು ನಾನು ಶುದ್ಧಪ್ರತಿ ಮಾಡಿ ತೆರಿಯೋಗೆ ಕೊಡಬೇಕು.

ಬುಧವಾರ ಮಧ್ಯಾಹ್ನ ಆ ಪುಟಕ್ಕೆ ಬಂದೆ. ಹದಿನಾರನೆಯ ಕಂಬ, ಐವತ್ತೊಂದು ಅಡಿಗೆ ಬಂಡೆ. ಹದಿನೆಂಟನೆಯದು, ಐವತ್ತು. ನಡುವೆ ಹದಿನೇಳು. ಮೂವತ್ತೆಂಟು ಅಡಿಯ ತನಕ ನನ್ನ ಅಕ್ಷರ. ಆಮೇಲೆ ಗಾರ್ಲಂಡನ ದಪ್ಪ ಅಕ್ಷರ: ಇಪ್ಪತ್ತು ಏಟು, ಇಳಿದದ್ದು ಇಲ್ಲ, ಬಂಡೆ ಮುಟ್ಟಿದೆ. ಕೆಳಗೆ ಸಹಿ.

ಪುಸ್ತಕ ಮುಚ್ಚಿ ಧಕ್ಕೆಯ ಮೇಲೆ ನಡೆದು ಹೋದೆ. ಕಂಬಗಳಿಂದ ಕತ್ತರಿಸಿದ ತುಂಡುಗಳನ್ನು ಒಂದು ಕಡೆ ಸಾಲಾಗಿ ಮಲಗಿಸಿದ್ದರು. ಎಲ್ಲವೂ ನನ್ನ ಸೊಂಟದುದ್ದ, ಎದೆಯುದ್ದ. ಒಂದು ಮಾತ್ರ, ಹದಿನೇಳನೆಯದು, ನಾನು ಮೂರು ಸಲ ಮಲಗಿದರೂ ಮಿಗುವಷ್ಟು ಉದ್ದ. ಎರಡು ವಾರದಿಂದ ಅದು ಅಲ್ಲೇ ಬಿದ್ದಿದೆ. ತಂಡದವರು ದಿನಾ ಅದನ್ನು ದಾಟಿಕೊಂಡು ಓಡಾಡುತ್ತಾರೆ, ಊಟದ ಹೊತ್ತಿಗೆ ಅದರ ಮೇಲೇ ಕೂರುತ್ತಾರೆ. ಅಂದರೆ ಎಲ್ಲರಿಗೂ ಕಂಡಿದೆ. ಎಲ್ಲರಿಗೂ ಗೊತ್ತಿದೆ.

ಜೇಡಿಮಣ್ಣಿನ ಗುಣ ಈ ಕೆಲಸದಲ್ಲಿ ಇರುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಡೆಯುತ್ತಾ ಇದ್ದರೆ ಮೆತ್ತಗಾಗಿ ದಾರಿ ಬಿಡುತ್ತದೆ. ನಾಲ್ಕು ದಿನ ಸುಮ್ಮನೆ ಬಿಟ್ಟರೆ ಕಂಬವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಮೊದಲ ಏಟುಗಳಿಗೆ ಕಂಬ ಅಲುಗುವುದಿಲ್ಲ, ಬಂಡೆಯ ಮೇಲೆ ನಿಂತಂತೆ ನಾಟಕ ಮಾಡುತ್ತದೆ. ಬಿಡದೆ ಹೊಡೆಯಬೇಕು, ಆಗ ಹಿಡಿತ ಬಿಟ್ಟು ಮತ್ತೆ ಇಳಿಯುತ್ತದೆ. ಗಾರ್ಲಂಡ್ ಮೂವತ್ತು ವರ್ಷದಿಂದ ಕಂಬ ಹೊಡೆಯುತ್ತಿರುವವನು. ಆ ದಿನ ಇಪ್ಪತ್ತಕ್ಕೆ ನಿಲ್ಲಿಸಿದ. ಮಿಕ್ಕವರು ಟೋಪಿ ತೆಗೆದು ಸುಮ್ಮನೆ ನಿಂತರು.

ನನಗೆ ಸಿಟ್ಟೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ವಾಪಸು ಬಂದು ಆ ಪುಟವನ್ನು ಇದ್ದ ಹಾಗೇ ಅಂದವಾಗಿ ನಕಲು ಮಾಡಿದೆ.

ಆ ಸಂಜೆ ಗಾರ್ಲಂಡ್ ಬಂದ. ದಿನಾ ಬರುತ್ತಿದ್ದ. ಮದುವೆಯಾಗದವನು, ಗುಡ್ಡದ ಮೇಲಿನ ಅಪ್ಪನ ಮನೆಯಲ್ಲಿ ಒಬ್ಬನೇ. ಒಂದು ತೋಳು ಸೌದೆ, ಬಾಟಲಿಯಲ್ಲಿ ಹಾಕಿಟ್ಟ ಮೂಸ್ ಜಿಂಕೆಯ ಮಾಂಸ, ಏನಾದರೊಂದು ಕೈಯಲ್ಲಿ ಇರುತ್ತಿತ್ತು. ಹಿಂಬಾಗಿಲಲ್ಲಿ ಬೂಟು ಕಳಚುವ ಸದ್ದು, ಆಮೇಲೆ ಎಡಗಾಲನ್ನು ಚೂರು ಎಳೆದು ನಡೆಯುವ ನಡಿಗೆ. ಅಣ್ಣತಮ್ಮಂದಿರಿಬ್ಬರದೂ ಒಂದೇ ನಡಿಗೆ. ಕಣ್ಣು ಮುಚ್ಚಿದ್ದರೆ ಯಾರು ಬಂದರೆಂದು ಹೇಳಲಾಗುತ್ತಿರಲಿಲ್ಲ.

"ಏನ್ ಹುಡುಗೀ, ಊಟ ಮಾಡಿದ್ಯಾ?" ಅಂದ. ನನಗೆ ಐವತ್ತನಾಲ್ಕು. ನಮ್ಮ ಕಡೆ ಗೋರಿ ಸೇರುವ ತನಕ ಹೆಂಗಸರೆಲ್ಲ ಹುಡುಗಿಯರೇ.

"ಮಾಡ್ದೆ."

"ಸುಳ್ಳು. ಒಲೆ ತಣ್ಣಗಿದೆ."

ಅವನು ಒಲೆ ಹೊತ್ತಿಸಿ ಕೆಟಲಿಟ್ಟು ಬೆಂಚಿನ ಮೇಲೆ ಕೂತ. ಸೆಲ್ಬಿಯ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಟೀಗೆ ಡಬ್ಬಿ ಹಾಲು ಹಾಕಿ ಲೋಟ ಅವನ ಮುಂದಿಟ್ಟು ಹೇಳಿದೆ:

"ಹದಿನೇಳು ಬಂಡೆ ಮುಟ್ಟಿಲ್ಲ, ಗಾರ್ಲಂಡ್."

ಅವನು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

"ಗೊತ್ತು" ಅಂದ.

"ಇನ್ನೂ ಹದಿಮೂರು ಅಡಿ ಬಾಕಿ."

"ಗೊತ್ತು ಅಂದ್ನಲ್ಲ ಮರ್ಟ್." ಲೋಟ ಕೆಳಗಿಟ್ಟ. "ಅವತ್ತು ಗೊತ್ತಿರ್ಲಿಲ್ಲ ಅಂತ ಹೇಳ್ಬಹುದು, ಆದ್ರೆ ಅದೂ ಪೂರ್ತಿ ನಿಜ ಅಲ್ಲ. ಇಪ್ಪತ್ತು ಏಟು ಬಿತ್ತು. ಕಂಬ ಅಲ್ಲಾಡ್ಲಿಲ್ಲ. ಅವನು ಎಲ್ಲಿ ಬಿಟ್ಟಿದ್ನೋ ಅಲ್ಲೇ ನಿಂತಿದೆ ಅನ್ನಿಸ್ತು. ಇನ್ನೊಂದು ಏಟು ಹಾಕು ಅಂತ ಹೇಳೋಕೆ ಬಾಯಿ ಬರ್ಲಿಲ್ಲ ನನಗೆ. ಮಾರನೇ ದಿನ ಎದ್ದಾಗ ತಿಳೀತು, ಎಂಥಾ ಕೆಲ್ಸ ಮಾಡ್ದೆ ಅಂತ. ಅಷ್ಟರಲ್ಲಿ ಕತ್ತರಿಸಿ ಆಗಿತ್ತು. ಊರೆಲ್ಲ ಸೆಲ್ಬಿ ಕಂಬ ಸೆಲ್ಬಿ ಕಂಬ ಅಂತಿತ್ತು."

"ತೆರಿಯೋಗೆ ಹೇಳ್ಬೇಕು."

"ಹೇಳಿದ್ರೆ ನನ್ನ ಕತೆ ಮುಗೀತು, ಗೊತ್ತಲ್ಲ? ತಿಳಿಯದೆ ತಪ್ಪಾಯ್ತು ಅಂದ್ರೆ ಬೈದು ಬಿಡ್ತಾರೆ. ಸಹಿ ಹಾಕಿ, ಗೊತ್ತಿದ್ದೂ ಎರಡು ವಾರ ಸುಮ್ನಿದ್ದೆ ಅಂದ್ರೆ ಬಿಡಲ್ಲ."

ಕೆಲಸ ಮುಗಿದ ಮೇಲೆ ಧಕ್ಕೆಯ ಉಸ್ತುವಾರಿ ಅವನಿಗೇ ಎಂದು ಕಂಪನಿಯವರು ಮಾತು ಕೊಟ್ಟಿದ್ದರು. ಮೀನು ನಿಂತ ಮೇಲೆ ವರ್ಷವಿಡೀ ನಡೆಯುವ ಕೆಲಸ ಈ ಊರಿನಲ್ಲಿ ಒಂದು ಕೈ ಬೆರಳಿನಷ್ಟು. ಅದು ಹೋದರೆ ಅವನೂ ಮಿಕ್ಕವರ ಹಾಗೆ ದೇಶದ ಆ ತುದಿಯ ಆಲ್ಬರ್ಟಾದ ಎಣ್ಣೆಬಾವಿ ಕೆಲಸಕ್ಕೆ ಗಂಟು ಕಟ್ಟಬೇಕು.

"ಹಾಗೇ ಬಿಟ್ರೆ ತಡೆಯುತ್ತಾ?" ಅಂತ ಕೇಳಿದೆ.

"ತಡೆದ್ರೂ ತಡೀಬಹುದು. ಮಣ್ಣು ಹಿಡ್ಕೊಂಡಿದೆಯಲ್ಲ. ಹತ್ತು ವರ್ಷ ಏನೂ ಆಗ್ದೆ ಇರ್ಬಹುದು. ಇಲ್ಲಾ, ಮೊದಲನೇ ಚಳಿಗಾಲದಲ್ಲಿ ಗಾಳಿ ಎದ್ದು ಹಡಗು ಗುದ್ದಿದ ದಿನ ಕೂತ್ಬಿಡಬಹುದು. ಆಗ ಅದರ ಮೇಲೆ ಹಗ್ಗ ಹಿಡ್ಕೊಂಡು ನಿಂತಿರೋರು ಯಾರು? ನಮ್ಮ ಹುಡುಗ್ರೇ." ಅವನು ಎದ್ದ. "ನಾಳೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ. ನನ್ನ ತಪ್ಪು, ನಾನೇ ಹೇಳ್ತೀನಿ."

"ಸರಿ" ಅಂದೆ.

ಗುರುವಾರ ನನ್ನ ಗೂಡಿನಿಂದ ನೋಡುತ್ತಿದ್ದೆ. ಗಾರ್ಲಂಡ್ ಮೂರು ಸಲ ತೆರಿಯೋನ ಕಚೇರಿಯ ಕಡೆ ನಡೆದ. ಒಂದು ಸಲ ಬಾಗಿಲ ಹಿಡಿಯ ಮೇಲೆ ಕೈಯನ್ನೂ ಇಟ್ಟ. ಮೂರು ಸಲವೂ ವಾಪಸು ಬಂದ. ಸಂಜೆ ನನ್ನ ಮನೆಗೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಾಂಕ್ರೀಟಿನ ಲಾರಿಗಳು ಗುಡ್ಡ ಇಳಿದು ಬಂದವು. ಒಂದರ ಹಿಂದೆ ಒಂದು ಮೂರು, ಹೊಟ್ಟೆ ತಿರುಗಿಸಿಕೊಂಡು. ಹೊಟ್ಟೆಯಲ್ಲಿರುವುದು ಎರಡು ಗಂಟೆಯೊಳಗೆ ಸುರಿಯದಿದ್ದರೆ ಕಲ್ಲಾಗುತ್ತದೆ. ಗಾರ್ಲಂಡ್ ಮೂರನೆಯ ಗೊಂಚಲಿನ ಮೇಲೆ, ಕಬ್ಬಿಣದ ಸರಳುಗಳ ನಡುವೆ ನಿಂತಿದ್ದ. ನನ್ನನ್ನು ನೋಡಿದ. ತಲೆ ತಗ್ಗಿಸಿ ಒಂದು ಸರಳಿನ ತಂತಿಯನ್ನು ಬಿಗಿಮಾಡತೊಡಗಿದ. ಅದು ಆಗಲೇ ಬಿಗಿಯಾಗಿತ್ತು.

ನಾನು ಪುಸ್ತಕ ಎತ್ತಿಕೊಂಡು ತೆರಿಯೋನ ಕಚೇರಿಗೆ ನಡೆದೆ. ಬಟ್ಟೆ ಒಣಹಾಕಲು ಹೊರಟವಳ ಹಾಗೆ ಹೋದೆ. ಒಂದು ಸಾರಿಯೂ ತಿರುಗಿ ನೋಡಲಿಲ್ಲ.

"ಗುಡ್ ಮಾರ್ನಿಂಗ್ ಮಿಸೆಸ್ ಕೀಪಿಂಗ್" ಎಂದು ಸೆಲ್ಬಿಯ ಮನೆತನದ ಹೆಸರಿನಿಂದ ಕರೆದು ತೆರಿಯೋ ಎದ್ದು ನಿಂತ. ವಿಧವೆಯ ಮುಂದೆ ಹೇಗಿರಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಎದ್ದು ನಿಲ್ಲುತ್ತಿದ್ದ.

"ಹದಿನೇಳನೇ ಕಂಬ ಬಂಡೆಗಿಂತ ಹದಿಮೂರು ಅಡಿ ಮೇಲೇ ನಿಂತಿದೆ" ಅಂದೆ. "ಮಣ್ಣು ಕಚ್ಚಿಕೊಂಡಿದ್ದನ್ನ ಬಂಡೆ ಅಂತ ಬರೆದಿದೆ. ಲಾರಿಗಳನ್ನ ವಾಪಸು ಕಳಿಸಿ."

ಅವನು ಪುಸ್ತಕ ನೋಡಿದ, ಹೊರಗೆ ಹೋಗಿ ಆ ಉದ್ದನೆಯ ತುಂಡನ್ನು ನೋಡಿದ, ವಾಪಸು ಬಂದು ನನ್ನನ್ನು ನೋಡಿದ.

"ಬರೆದೋರಿಗೆ ಇದು ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಆ ಒಂದು ಮಾತಿನಿಂದ ಗಾರ್ಲಂಡ್ ಉಳಿಯುತ್ತಿದ್ದ. ಬೈಸಿಕೊಂಡು ಉಳಿಯುತ್ತಿದ್ದ. ಅದು ನನಗೆ ಹೊಳೆಯಲಿಲ್ಲ ಎಂದಲ್ಲ, ಚೆನ್ನಾಗಿ ಹೊಳೆಯಿತು. ಹೊಳೆದದ್ದು ಯಾರದೋ ಮನೆಯ ವಿಷಯದಂತೆ ದೂರದಲ್ಲಿತ್ತು.

"ಮಾರನೇ ದಿನದಿಂದ ಗೊತ್ತಿತ್ತು" ಅಂದೆ.

ಕತ್ತರಿಸಿದ ತುಂಡನ್ನು ಮತ್ತೆ ಕಂಬಕ್ಕೆ ಬೆಸೆಯಲು ಎರಡು ದಿನ ಹಿಡಿಯಿತು. ಸೋಮವಾರ ಬೆಳಿಗ್ಗೆ ಸುತ್ತಿಗೆ ಎತ್ತಿದರು. ಹೊರಗಿನಿಂದ ಬಂದ ಹೊಸ ಕ್ರೇನಿನವನು. ಕೆಲಸವಿದ್ದವರು, ಇಲ್ಲದವರು, ಊರಿಗೆ ಊರೇ ದಡದಲ್ಲಿ ನಿಂತಿತ್ತು. ಎಫಿ ಚಿಕ್ಕಮ್ಮ ಮನೆಯಿಂದ ಕುರ್ಚಿ ಹೊರಿಸಿಕೊಂಡು ಬಂದಿದ್ದಳು. ಗಾರ್ಲಂಡನನ್ನು ಶುಕ್ರವಾರವೇ ಕೆಲಸದಿಂದ ತೆಗೆದಿದ್ದರು. ಅವನೂ ದಡದಲ್ಲಿ, ಗುಂಪಿನಿಂದ ಸ್ವಲ್ಪ ಆಚೆ, ಜೇಬಿನಲ್ಲಿ ಕೈ ಹಾಕಿಕೊಂಡು ನಿಂತಿದ್ದ. ನಾನು ಗೂಡಿನಲ್ಲಿ, ಪೆನ್ಸಿಲು ಹಿಡಿದು.

ಹತ್ತು ಏಟು. ಇಪ್ಪತ್ತು. ಗೆರೆ ಕದಲಲಿಲ್ಲ. ಮೂವತ್ತು. ದಡದಿಂದ ಯಾರೋ "ಬಂಡೇನೇ ಕಣ್ರೋ ಅದು!" ಎಂದು ಕೂಗಿದರು. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ನಲವತ್ತು. ತೆರಿಯೋ ನನ್ನ ಕಡೆ ತಿರುಗಿದ. ನಾನು ಎಣಿಸುತ್ತಿದ್ದೆ.

ನಲವತ್ತಾರನೆಯ ಏಟಿಗೆ ಕಂಬ ಹಿಡಿತ ಬಿಟ್ಟಿತು. ಒಂದೇ ಏಟಿಗೆ ಗೇಣುದ್ದ ಇಳಿಯಿತು. ಆಮೇಲೆ ಇಳಿಯುತ್ತಲೇ ಹೋಯಿತು. ಮೂವತ್ತೊಂಬತ್ತನೆಯ ಅಡಿ, ಒಂಬತ್ತು ಏಟು. ನಲವತ್ತು, ಎಂಟು. ನಲವತ್ತೊಂದು, ಎಂಟು. ದಡದಲ್ಲಿ ಚಪ್ಪಾಳೆ ತಟ್ಟಿದವರು ನೆಲ ನೋಡುತ್ತಿದ್ದರು. ಸುತ್ತಿಗೆಯ ಸದ್ದುಗಳ ನಡುವೆ ಎಫಿ ಚಿಕ್ಕಮ್ಮನ ಗಂಟಲು ಕೇಳಿಸಿತು. "ಅಯ್ಯೋ ದೇವ್ರೇ, ಇನ್ನೂ ಹೋಗ್ತಾನೇ ಇದೆಯಲ್ಲೇ!"

ಐವತ್ತೊಂದನೆಯ ಅಡಿಗೆ ಸದ್ದು ಬದಲಾಯಿತು. ಅಷ್ಟು ಹೊತ್ತು ಧಪ್ ಧಪ್ ಎನ್ನುತ್ತಿದ್ದದ್ದು ಠಣ್ ಎಂದಿತು. ಇಪ್ಪತ್ತು ಏಟು, ಇಳಿದದ್ದು ಇಲ್ಲ. ಬಂಡೆ ಮುಟ್ಟಿದೆ ಎಂದು ಬರೆದು ಸಹಿ ಹಾಕಿದೆ. ತಲೆಯೆತ್ತಿದಾಗ ಗಾರ್ಲಂಡ್ ಗುಡ್ಡ ಹತ್ತುತ್ತಿದ್ದ.

ಆಮೇಲೆ ಊರು ಎರಡಾಯಿತು. ಪಾದ್ರಿ ಭಾನುವಾರ ಸತ್ಯದ ಬಗ್ಗೆ ಮಾತಾಡಿ ನನ್ನ ಕಡೆಗೇ ನೋಡಿದ. ಅಂಗಡಿಯಲ್ಲಿ ಇಬ್ಬರು ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. "ಎಂಥಾ ಧೈರ್ಯ ಮಾರಾಯ್ತಿ ನಿಂದು" ಅಂದವರೂ ಇದ್ದರು, "ಗಂಡ ಸತ್ತು ತಿಂಗಳಾಗಿಲ್ಲ, ಮೈದುನನ ಅನ್ನಕ್ಕೆ ಕಲ್ಲು ಹಾಕಿದ್ಲು" ಅಂದವರೂ ಇದ್ದರು. ಎರಡೂ ನನಗೆ ತಾಗಲಿಲ್ಲ. ಆದರೆ ಧೈರ್ಯ ಎನ್ನುವವರಿಗೆ ಹೇಳಬೇಕೆನಿಸುತ್ತಿತ್ತು: ಧೈರ್ಯಕ್ಕೆ ಹೆದರಿಕೆ ಬೇಕಲ್ಲ ಕಣ್ರೀ. ನನಗೆ ಯಾವುದೂ ನೋಯುತ್ತಿರಲಿಲ್ಲ, ಹಾಗಾಗಿ ಹೋದೆ. ಒಂದು ಚೂರು ನೋಯುವಂತಿದ್ದರೆ ಗಾರ್ಲಂಡನ ಮುಖ ನೋಡಿ ಅಲ್ಲೇ ನಿಲ್ಲುತ್ತಿದ್ದೆ. ಹಡಗಿನ ಹಗ್ಗ ಹಿಡಿಯುವ ಹುಡುಗರ ಮೇಲಿನ ಪ್ರೀತಿಯಿಂದ ಹೇಳಿದೆನೋ, ಯಾರ ಮೇಲೂ ಪ್ರೀತಿ ಉಳಿದಿರದ ಕಾರಣಕ್ಕೆ ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗಾರ್ಲಂಡ್ ಒಂದು ವಾರ ಕಾಣಲಿಲ್ಲ. ಎಂಟನೆಯ ದಿನ ಹಿಂಬಾಗಿಲಲ್ಲಿ ಬೂಟಿನ ಸದ್ದಾಯಿತು. ಸೌದೆ ಇಳಿಸಿ, ಬೆಂಚಿನ ಮೇಲೆ ಕೂತು, "ಟೀ ಇದೆಯಾ, ಇಲ್ಲಾ ಅದನ್ನೂ ಎಂಜಿನಿಯರ್‌ಗೆ ಕೊಟ್ಬಂದ್ಯಾ?" ಅಂದ. ನಾನು ಕೆಟಲಿಟ್ಟೆ. ಆ ವಿಷಯ ನಾವು ಅಷ್ಟಕ್ಕೇ ಬಿಟ್ಟೆವು. ಅವನು ಮತ್ತೆ ದಿನಾ ಬಂದ. ಬೇಸಿಗೆ ಪೂರ್ತಿ ನನ್ನ ಅಂಗಳದಲ್ಲಿ ಸೌದೆ ಒಡೆದ, ಎರಡು ಚಳಿಗಾಲಕ್ಕೆ ಆಗುವಷ್ಟು. ಏಕೆ ಇಷ್ಟು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಕ್ಟೋಬರ್ ಮೊದಲ ಶನಿವಾರ ದೊಡ್ಡ ಹಡಗು ಬಂತು. ಗಾರ್ಲಂಡನಿಗೆ ಧಕ್ಕೆಯ ಗೇಟು ದಾಟುವ ಹಾಗಿರಲಿಲ್ಲ. ಚರ್ಚಿನ ಬೇಲಿಯ ಬಳಿ ನಿಂತು ನೋಡಿದೆವು, ಅವನೂ ನಾನೂ. ಕೊಲ್ಲಿಯ ಬಾಯಿಯಲ್ಲಿ ಅದು ತಿರುಗಿದಾಗ ಆಚೆಯ ದಡದ ಮನೆಗಳೆಲ್ಲ ಮರೆಯಾದವು. ಗಾಳಿ ಜೋರಾಗಿತ್ತು. ಎರಡು ಟಗ್ ದೋಣಿಗಳು ತಳ್ಳಿ ತಳ್ಳಿ ಅದನ್ನು ತಂದವು. ಹಗ್ಗದ ಹುಡುಗರು ಗೊಂಚಲುಗಳ ಮೇಲೆ ನಿಂತಿದ್ದರು, ಮೂರನೆಯದರ ಮೇಲೆ ನಾಲ್ಕು ಜನ. ಹಡಗು ಮೊದಲು ತಾಗಿದ್ದೇ ಮೂರನೆಯದಕ್ಕೆ. ಗಾರ್ಲಂಡ್ ಬೇಲಿಯ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಗೊಂಚಲಿನ ಮುಂದೆ ಕಟ್ಟಿದ್ದ ರಬ್ಬರು ಮೆತ್ತೆ ಒತ್ತಿಕೊಂಡಿತು, ಗೊಂಚಲು ಒಂದು ಚೂರು ಹಿಂದಕ್ಕೆ ಹೋಗಿ ಮತ್ತೆ ನೆಟ್ಟಗಾಯಿತು. ಹುಡುಗರು ಕೇಕೆ ಹಾಕಿದರು.

"ನಿಂತ್ಕೊಂಡ್ತು" ಅಂದ ಗಾರ್ಲಂಡ್. ಕಂಬಿ ಬಿಟ್ಟು ಕೈ ಒರೆಸಿಕೊಂಡ. "ಮೂವತ್ತೆಂಟು ಅಡಿ ಅವನು ಹೊಡೆದದ್ದು, ಹದಿಮೂರು ನೀನು ಹೊಡೆಸಿದ್ದು. ಗಂಡ ಹೆಂಡ್ತಿ ಸೇರಿ ಒಂದು ಕಂಬ ಮುಗ್ಸಿದ್ರಿ. ನಾನು ಅಡ್ಡ ಬಂದೋನು."

"ಮಂಗಳವಾರ ಹೋಗ್ತಿದ್ದೀನಿ ಮರ್ಟ್. ಆಲ್ಬರ್ಟಾಕ್ಕೆ. ಇದು ನಿಲ್ಲುತ್ತಾ ಅಂತ ನೋಡ್ಕೊಂಡು ಹೋಗೋಣ ಅಂತ ಕಾದಿದ್ದೆ."

"ಹೂಂ" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಅಲ್ಲಿ ಏನೋ ಸಿಗಬಹುದೆಂದು ಹುಡುಕಿದ. ಸಿಕ್ಕಲಿಲ್ಲವೆಂದು ಕಾಣುತ್ತದೆ, ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಪಟ್ಟಣಕ್ಕೆ ಹೋಗುವ ವ್ಯಾನು ನನ್ನ ಮನೆಯ ಮುಂದೆ ನಿಂತಿತು. ಗಾರ್ಲಂಡ್ ಒಂದು ಚೀಲ ಹಿಡಿದು ಬಂದ. ಅವನಿಗೆ ಎರಡು ಬ್ರೆಡ್ಡು ಸುಟ್ಟು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ, ಕೊಟ್ಟೆ. ಇನ್ನೂ ಬಿಸಿಯಿದ್ದವು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಹುಡುಗೀ. ನೀನು ಮಾಡಿದ್ದೇ ಸರಿ. ನಾನು ಬಾಗಿಲ ತನಕ ಹೋಗಿ ಹೋಗಿ ಬಂದೆ."

"ಗೊತ್ತು. ನೋಡಿದ್ದೆ."

"ಒಳಗೆ ಹೋಗು. ಬಾಗಿಲು ಹಾಕ್ಕೋ, ಮನೆಯೆಲ್ಲ ತಣ್ಣಗಾಗುತ್ತೆ."

ಚೀಲವನ್ನು ಹೆಗಲಿಗೇರಿಸಿ ವ್ಯಾನಿನ ಕಡೆ ನಡೆದ. ಎಡಗಾಲನ್ನು ಚೂರು ಎಳೆಯುತ್ತಾ. ವ್ಯಾನಿನ ಬಾಗಿಲು ಹಾಕಿಕೊಂಡಿತು. ನಾನು ಒಳಗೆ ಬಂದು, ಬಾಗಿಲು ಹಾಕಿ, ಅವನ ಲೋಟ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಕೈಯ ಮೇಲೆ ಬಿತ್ತು, ಬಹಳ ತಣ್ಣಗಿತ್ತು. ಎಷ್ಟು ತಣ್ಣಗಿತ್ತೆಂದರೆ ನೋವಾಯಿತು.

ಇವತ್ತು ಸಂಜೆ ಹಿಂಬಾಗಿಲಲ್ಲಿ ಬೂಟಿನ ಸದ್ದು ಬರುವುದಿಲ್ಲ. ನಾಳೆಯೂ ಇಲ್ಲ. ನಾಲ್ಕು ತಿಂಗಳಿಂದ ಅಣ್ಣತಮ್ಮಂದಿರಿಬ್ಬರದೂ ಆಗಿದ್ದ ಆ ನಡಿಗೆ ದಿನಾ ಸಂಜೆ ಈ ಮನೆಗೆ ಬರುತ್ತಿತ್ತು, ನಾನು ಒಲೆಯ ಕಡೆ ಮುಖ ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದೆ, ತಿರುಗುತ್ತಿರಲಿಲ್ಲ. ಏಕೆ ತಿರುಗುತ್ತಿರಲಿಲ್ಲ ಎಂದು ಆಗ ಅರ್ಥವಾಯಿತು.

ನಲ್ಲಿಯನ್ನು ಹಾಗೇ ಬಿಟ್ಟು ಓಡಿದೆ. ಕಾಲಲ್ಲಿ ಮನೆಯ ಚಪ್ಪಲಿ, ಒಂದು ಗೇಟಿನ ಬಳಿಯೇ ಬಿದ್ದುಹೋಯಿತು. ವ್ಯಾನು ಅಂಗಡಿ ದಾಟಿ ಗುಡ್ಡದ ಏರಿಗೆ ಹತ್ತಿತ್ತು. ಕೈ ಎತ್ತಿ ಕೂಗಿದೆ. ಕೂಗುತ್ತಾ ಓಡಿದೆ. ಅಂಗಡಿಯ ಮೆಟ್ಟಿಲ ಮೇಲಿದ್ದ ಎಫಿ ಚಿಕ್ಕಮ್ಮ ಊರುಗೋಲು ಬಿಸಾಕಿ ಇಳಿದು ಬಂದು ನನ್ನ ಎರಡೂ ತೋಳು ಹಿಡಿದುಕೊಂಡಳು. "ಹೋಗ್ಲಿ ಬಿಡು ಮಗಳೇ, ಗಾರ್ಲಂಡ್ ಬರ್ತಾನೆ, ಬೇಸಿಗೆಗೆ ಬಂದೇ ಬರ್ತಾನೆ" ಎಂದು ಹೇಳುತ್ತಲೇ ಇದ್ದಳು. ಆಮೇಲೆ ಸುಮ್ಮನಾದಳು. ನಾನು ಏನೆಂದು ಕೂಗುತ್ತಿದ್ದೇನೆ ಎಂದು ಆಗ ಅವಳಿಗೆ ಕೇಳಿಸಿತು, ನನಗೂ ಕೇಳಿಸಿತು. ನಾನು ಕೂಗುತ್ತಿದ್ದದ್ದು ಸೆಲ್ಬಿ, ಸೆಲ್ಬಿ ಎಂದು.